ಬೂದಿದ್ವೀಪಕ್ಕೆ ಹೋದ ಕಾಫಿ

ಬಹಳ ಬಹಳ ಹಿಂದೆ, ಮೃಗಗಳಿಗೂ ಮನುಷ್ಯರ ಮಾತು ಬರುತ್ತಿದ್ದ ಕಾಲದಲ್ಲಿ, ತೋರಮಲೆ ಎಂಬ ರಾಜ್ಯವಿತ್ತು. ಆ ರಾಜ್ಯದ ಗುಡ್ಡಗಳ ಮೇಲೆಲ್ಲ ಕಾಫಿ ಗಿಡ. ಅಲ್ಲಿಯ ಗಂಡಸರೆಲ್ಲ ಸೈನಿಕರು. ಬೆಳಗಿನ ಕಹಳೆಗೆ ಮೊದಲು ಒಂದು ಲೋಟ ಬೆಲ್ಲದ ಕಾಫಿ ಕುಡಿಯದೆ ಅವರು ಈಟಿ ಮುಟ್ಟುತ್ತಿರಲಿಲ್ಲ.

ಒಮ್ಮೆ ತೋರಮಲೆಯ ಅರಸ ಕಡಲಾಚೆಯ ಗೆಳೆಯ ರಾಜನ ನೆರವಿಗೆಂದು ಒಂದು ದಂಡನ್ನು ಬೂದಿದ್ವೀಪಕ್ಕೆ ಕಳಿಸಿದ. ಯುದ್ಧ ಮುಗಿಯಿತು. ಗೆಳೆಯ ರಾಜ ಸತ್ತ. ದಂಡು ಮಾತ್ರ ಹಿಂದಿರುಗಲಿಲ್ಲ. ಹುಡುಕಲು ಹೋದ ಹಡಗುಗಳೂ ಹಿಂದಿರುಗಲಿಲ್ಲ. ಕೊನೆಗೆ ಅರಸ ಡಂಗುರ ಹೊಡೆಸಿದ: "ಹೋದವರೆಲ್ಲ ಸತ್ತರೆಂದು ತಿಳಿಯಿರಿ. ಅವರವರ ಮನೆಯವರು ಎಳ್ಳುನೀರು ಬಿಡಲಿ."

ಊರೆಲ್ಲ ಅತ್ತು ಎಳ್ಳುನೀರು ಬಿಟ್ಟಿತು. ಮುದ್ದವ್ವ ಎಂಬ ಮುದುಕಿ ಬಿಡಲಿಲ್ಲ. ಅವಳ ಒಬ್ಬನೇ ಮಗ ಬೆಳ್ಯಪ್ಪ ಆ ದಂಡಿನಲ್ಲಿದ್ದ. ಮನೆಯಲ್ಲಿ ಈಗ ಅವಳು ಮತ್ತು ಸೊಸೆ ದೇಚವ್ವ, ಇಬ್ಬರೇ.

"ಹೆಣ ನೋಡದೆ ನಾನು ನೀರು ಬಿಡೋದಿಲ್ಲ" ಎಂದಳು ಮುದ್ದವ್ವ. "ನಾನೂ ಬಿಡೋದಿಲ್ಲ ಅತ್ತೆ" ಎಂದಳು ದೇಚವ್ವ. ಅತ್ತೆ ಸೊಸೆ ಒಂದೇ ಮಾತಾಡಿದ್ದು ಅದೇ ಮೊದಲು.

ಆ ವರ್ಷ ಮಳೆ ಮುಗಿದ ಮೇಲೆ ಮೊಯ್ದೀನಬ್ಬ ಎಂಬ ಹಡಗಿನವನು ಗುಡ್ಡ ಹತ್ತಿ ಅವರ ಮನೆಗೆ ಬಂದ. ದಾರಿ ತಪ್ಪಿ ಬೂದಿದ್ವೀಪ ಸೇರಿ, ಹೇಗೋ ತಪ್ಪಿಸಿಕೊಂಡು ಬಂದವನು.

"ಅಮ್ಮಾ, ನಿಮ್ಮವರು ಸತ್ತಿಲ್ಲ" ಎಂದ. "ಅಲ್ಲಿ ಈಗ ಕರ್ಗಾಳ ಎಂಬ ಮಾಂತ್ರಿಕನ ಆಳ್ವಿಕೆ. ದಿನಾ ಬೆಳಿಗ್ಗೆ ಅವನು ಸೈನಿಕರಿಗೆ ಒಂದು ಕರಿ ಕಷಾಯ ಕುಡಿಸುತ್ತಾನೆ. ಕುಡಿದವರಿಗೆ ಊರು ಮರೆತುಹೋಗುತ್ತೆ, ಹೆತ್ತವರು ಮರೆತುಹೋಗುತ್ತಾರೆ. ಅವನ ಕೋಟೆಗೆ ಕಾವಲು ನಿಲ್ಲುತ್ತಾರೆ. ತುಂಬಾ ದಿನ ಕುಡಿದವರು ಕಲ್ಲಾಗುತ್ತಾರೆ. ಆ ಕಲ್ಲುಗಳಿಂದಲೇ ಅವನು ಗೋಡೆ ಕಟ್ಟುತ್ತಿದ್ದಾನೆ."

ಮುದ್ದವ್ವ ಕೇಳಿದಳು, "ಅದಕ್ಕೆ ಮದ್ದಿಲ್ಲವೇನಪ್ಪ?"

"ಮದ್ದು ನನಗೆ ಗೊತ್ತಿಲ್ಲ. ಆದರೆ ನನ್ನ ಚೀಲದಲ್ಲಿ ನಿಮ್ಮ ಕಡೆಯ ಕಾಫಿಬೀಜ ಇತ್ತು. ಒಬ್ಬ ಸೈನಿಕ ಅದನ್ನು ಮೂಸಿ ನೋಡಿದ. 'ಅವ್ವಾ' ಅಂತ ಬಿಕ್ಕಿ ಬಿಕ್ಕಿ ಅತ್ತ. ಎರಡು ಗಳಿಗೆ ಅವನಿಗೆ ಎಲ್ಲ ನೆನಪಿತ್ತು. ಆಮೇಲೆ ಮತ್ತೆ ಕಣ್ಣು ಸತ್ತುಹೋಯಿತು."

ಅತ್ತೆ ಸೊಸೆ ಮುಖ ಮುಖ ನೋಡಿಕೊಂಡರು. ಅಂದೇ ಇಬ್ಬರೂ ಚೀಲ ಹಿಡಿದು ಮನೆ ಮನೆಗೆ ಹೊರಟರು. ದಂಡಿಗೆ ಮಗನನ್ನು ಕಳಿಸಿದ ಪ್ರತಿ ಮನೆಯ ಬಾಗಿಲಲ್ಲೂ ನಿಂತು, "ನಿಮ್ಮ ಹಿತ್ತಿಲ ಕಾಫಿ ಒಂದು ಬೊಗಸೆ ಕೊಡಿ" ಎಂದು ಕೇಳಿದರು. ಕೆಲವರು ಅಳುತ್ತಾ ಕೊಟ್ಟರು. ಕೆಲವರು, ಆರಿದ ಗಾಯ ಮತ್ತೆ ಕೆದಕುತ್ತೀರಾ ಎಂದು ಬೈದು ಕೊಟ್ಟರು. ಕೊಡದವರು ಯಾರೂ ಇರಲಿಲ್ಲ. ಮುದ್ದವ್ವ ಅದನ್ನೆಲ್ಲ ಒಂದೇ ಬಾಣಲೆಯಲ್ಲಿ ಹುರಿದಳು. ದೇಚವ್ವ ಒರಳಿನಲ್ಲಿ ಕುಟ್ಟಿದಳು. ಪುಡಿಯನ್ನೂ ಬೆಲ್ಲವನ್ನೂ ತೊಗಲ ಚೀಲದಲ್ಲಿ ಕಟ್ಟಿಕೊಂಡು ಮೊಯ್ದೀನಬ್ಬನ ಹಡಗು ಹತ್ತಿದರು.

ನಡುಗಡಲಿನಲ್ಲಿ ಹಡಗು ಗಕ್ಕನೆ ನಿಂತಿತು. ಗುಡ್ಡದಷ್ಟು ದೊಡ್ಡ ಮೀನೊಂದು ಅದನ್ನು ಬಾಯಲ್ಲಿ ಹಿಡಿದಿತ್ತು.

"ಬಿಸಿ ಕೊಡಿ" ಎಂದಿತು ಮೀನು. "ಹುಟ್ಟಿದಾಗಿನಿಂದ ಬಿಸಿ ಎಂದರೇನೆಂದು ನಾನು ಕಂಡಿಲ್ಲ."

ಮುದ್ದವ್ವ ಹಡಗಿನ ಒಲೆಯ ಮೇಲೆ ಒಂದು ಹಂಡೆ ಕಾಫಿ ಕುದಿಸಿ ಸುರಿದಳು. "ಸಾಲದು" ಎಂದಿತು ಮೀನು. ಹಡಗಿನಲ್ಲಿದ್ದ ಸಿಹಿನೀರನ್ನೆಲ್ಲ ಬಗ್ಗಿಸಿ ಕುದಿಸಿ ಸುರಿದಳು. "ಸಾಲದು" ಎಂದಿತು ಮೀನು. ಒಲೆಯ ಕೆಂಡವನ್ನೆಲ್ಲ ಅದರ ಬಾಯಿಗೆ ಎಸೆದಳು. "ಸಾಲದು" ಎಂದಿತು ಮೀನು. ಹಡಗಿನ ಹಲಗೆಗಳು ಲಟಲಟನೆ ಮುರಿಯತೊಡಗಿದವು.

ಆಗ ಮುದ್ದವ್ವ ತನ್ನ ಎರಡೂ ಕೈಗಳನ್ನು ಮೀನಿನ ನಾಲಿಗೆಯ ಮೇಲಿಟ್ಟಳು. "ಇವು ಜೀವಮಾನವೆಲ್ಲ ಒಲೆಯ ಮುಂದೆ ಬೆಂದ ಕೈ. ಇವುಗಳ ಬಿಸಿ ತಗೋ" ಎಂದಳು. ಮೀನು ಕಣ್ಣು ಮುಚ್ಚಿ, ಹಡಗು ಬಿಟ್ಟು, ಕೆಳಗೆ ಕೆಳಗೆ ಇಳಿಯಿತು. ಅಂದಿನಿಂದ ಮುದ್ದವ್ವನ ಕೈ ಹೆಣದ ಕೈಯಂತಾಯಿತು. ಚುಚ್ಚಿದರೂ ತಿಳಿಯದು, ಚಿವುಟಿದರೂ ತಿಳಿಯದು.

"ಅಳಬೇಡ ದೇಚು" ಎಂದಳು. "ಇನ್ನು ಕಾಫಿ ನೀನೇ ಮಾಡಬೇಕು, ಅಷ್ಟೇ."

ಬೂದಿದ್ವೀಪದಲ್ಲಿ ಮರವಿರಲಿಲ್ಲ, ಹಕ್ಕಿಯಿರಲಿಲ್ಲ. ಮೊಯ್ದೀನಬ್ಬ ಹಡಗು ಕಾಯುತ್ತಾ ದಡದಲ್ಲೇ ನಿಂತ. ಅತ್ತೆ ಸೊಸೆ ಚೀಲ, ಹಂಡೆ ಹೊತ್ತು ಬೂದಿಯಲ್ಲಿ ಕಾಲೆಳೆಯುತ್ತಾ ನಡೆದರು. ದೂರದಲ್ಲಿ ಕೋಟೆಯ ಗೋಡೆ. ಹತ್ತಿರ ಹೋದಾಗ ಅದರಲ್ಲಿ ಮುಖಗಳು ಕಂಡವು. ಊರಿನ ಮುಖಗಳು. ಬೆಳ್ಯಪ್ಪನ ಮುಖ ಅಲ್ಲಿರಲಿಲ್ಲ. ಅದಕ್ಕೆ ಸಂತೋಷಪಡಲು ಇಬ್ಬರಿಗೂ ನಾಚಿಕೆಯಾಯಿತು. ಗೋಡೆಯ ಬುಡದಲ್ಲಿ, ಮನುಷ್ಯರ ನಡುವೆ, ಒಂದು ಎಮ್ಮೆಕರುವೂ ಕಲ್ಲಾಗಿ ಸಿಕ್ಕಿಕೊಂಡಿತ್ತು.

ನೀರು ಹುಡುಕುತ್ತಾ ಹೋದಾಗ ಒಂದೇ ಒಂದು ಬಾವಿ ಸಿಕ್ಕಿತು. ಬಾವಿಯ ಬಾಯಿಗೆ ಕೊಂಬು ಅಡ್ಡವಿಟ್ಟುಕೊಂಡು ಒಂದು ಕರಿ ಎಮ್ಮೆ ಮಲಗಿತ್ತು.

"ನೀರು ಬೇಕಾದರೆ ಹೇಳಿ" ಎಂದಿತು ಎಮ್ಮೆ. "ಕರ್ಗಾಳ ನನ್ನ ಕರುವನ್ನು ಹಿಡಿದುಕೊಂಡು ಹೋದ. ಅದು ಬದುಕಿದೆಯೇ?"

ದೇಚವ್ವ ಸುಮ್ಮನಿದ್ದಳು. ಬಾವಿಯ ನೀರು ಒಂದಾಳು ಕೆಳಗಿಳಿಯಿತು. ಎಮ್ಮೆ ಮತ್ತೆ ಕೇಳಿತು. "ನಮಗೆ ಗೊತ್ತಿಲ್ಲ" ಎಂದಳು ದೇಚವ್ವ. ನೀರು ಇನ್ನೂ ಕೆಳಗಿಳಿಯಿತು. ಎಮ್ಮೆ ಮೂರನೆಯ ಸಲ ಕೇಳಿತು.

ಮುದ್ದವ್ವ ಅದರ ಪಕ್ಕ ಕುಳಿತಳು. "ಇಲ್ಲ ಕಣವ್ವ. ಗೋಡೆಯಲ್ಲಿ ನೋಡಿದೆವು. ಕಲ್ಲಾಗಿದೆ."

ಎಮ್ಮೆ ಗೋಡೆಯ ಕಡೆ ತಲೆ ತಿರುಗಿಸಿತು. ಆಮೇಲೆ, "ಬಂದವರೆಲ್ಲ ಬದುಕಿದೆ ಅಂತಲೇ ಹೇಳಿದರು. ನಾನು ಇಲ್ಲೇ ಕಾದೆ" ಎಂದು ಎದ್ದು ಪಕ್ಕಕ್ಕೆ ಸರಿಯಿತು. ನೀರು ಉಕ್ಕಿ ಬಾವಿಯ ಕಟ್ಟೆಯವರೆಗೆ ಬಂತು.

ಈಗ ಪುಡಿಯಿತ್ತು, ಬೆಲ್ಲವಿತ್ತು, ನೀರಿತ್ತು. ಬೆಂಕಿಯಿರಲಿಲ್ಲ. ಚಕಮಕಿ ಕಲ್ಲು ಉಜ್ಜಿದರೆ ಕಿಡಿ ಬೂದಿಗೆ ಬಿದ್ದು ಸಾಯುತ್ತಿತ್ತು. ಆ ದ್ವೀಪದಲ್ಲಿ ಇದ್ದದ್ದು ಒಂದೇ ಬೆಂಕಿ. ಅದು ಕರ್ಗಾಳನ ಕಷಾಯದ ಕೊಪ್ಪರಿಗೆಯ ಕೆಳಗಿತ್ತು.

ದೇಚವ್ವ ಸೆರಗು ಬಿಗಿದು ಎದ್ದಳು. ಮುದ್ದವ್ವ ತಡೆದಳು.

"ನೀನು ಕೆಂಡ ಹಿಡಿಯಬಲ್ಲೆಯಾ? ನಾನು ಬಲ್ಲೆ. ನೀನು ಹಂಡೆಯಲ್ಲಿ ನೀರು ತುಂಬಿಡು."

ಬೆಳಗಿನ ಕಹಳೆ ಕೂಗಿತು. ಸೈನಿಕರು ಸಾಲಾಗಿ ಬಂದು ಬೋಗುಣಿ ಹಿಡಿದು ನಿಂತರು. ಆ ಸಾಲಿನ ಪಕ್ಕದಲ್ಲೇ ಮುದ್ದವ್ವ ಬೆನ್ನು ಬಗ್ಗಿಸಿ ನಡೆದಳು. ಒಂದೊಂದೇ ಮುಖ ನೋಡಿದಳು. ಬೆಳ್ಯಪ್ಪ ಅಲ್ಲಿದ್ದ. ಕೆನ್ನೆ ಗುಳಿಬಿದ್ದಿತ್ತು. ಅವನು ಅವಳನ್ನು ನೋಡಿದ, ಕಲ್ಲನ್ನು ನೋಡಿದ ಹಾಗೆ.

"ಯಾರೇ ನೀನು?" ಎಂದ ಕೊಪ್ಪರಿಗೆಯ ಬಳಿ ನಿಂತಿದ್ದ ಕರ್ಗಾಳ.

"ಬೂದಿ ತೆಗೆಯೋಳು ಒಡೆಯಾ" ಎಂದಳು ಮುದ್ದವ್ವ. ಒಲೆಗೆ ಕೈಹಾಕಿ ನಿಗಿನಿಗಿ ಕೆಂಡಗಳನ್ನು ಬೊಗಸೆ ತುಂಬ ತೆಗೆದುಕೊಂಡು ಹೊರಟಳು. ಅವಳ ಕೈ ಚರಚರನೆ ಬೇಯುತ್ತಿತ್ತು. ಅವಳಿಗೆ ತಿಳಿಯಲಿಲ್ಲ. ಕರ್ಗಾಳನಿಗೆ ಆ ವಾಸನೆ ತಿಳಿಯಿತು.

"ಬೆಂಕಿ ಒಯ್ಯುತ್ತಿದ್ದಾಳೆ! ಎಸೆಯಿರಿ ಈಟಿ!"

ಮೊದಲ ಈಟಿ ಪಕ್ಕದಲ್ಲಿ ಹೋಯಿತು. ಎರಡನೆಯದು ಸೀರೆ ಹರಿಯಿತು. ಮೂರನೆಯದು ಬೆಳ್ಯಪ್ಪನದು. ತೋರಮಲೆಯಲ್ಲಿ ಅವನಂಥ ಗುರಿಗಾರ ಇನ್ನೊಬ್ಬನಿರಲಿಲ್ಲ. ಅದು ತಾಯಿಯ ಬೆನ್ನಿಗೆ ನಾಟಿತು.

ಮುದ್ದವ್ವ ಬೀಳಲಿಲ್ಲ. ತಿರುಗಿ, ಈಟಿ ಎಸೆದು ಬರಿಗೈಯಲ್ಲಿ ನಿಂತ ಮಗನನ್ನು ನೋಡಿದಳು. ಬಾವಿಯವರೆಗೂ ನಡೆದಳು. ದೇಚವ್ವ ಹೂಡಿದ್ದ ಮೂರು ಕಲ್ಲಿನ ಒಲೆಗೆ ಕೆಂಡ ಸುರಿದಳು. ಆಮೇಲೆ ಬಿದ್ದಳು. ಸೌದೆಯಿಲ್ಲದೆಯೇ ಆ ಕೆಂಡ ಹೊತ್ತಿ ಉರಿಯಿತು.

"ಅತ್ತೆ!"

"ಎಷ್ಟು ಸೊರಗಿದ್ದಾನೆ ನೋಡು ದೇಚು" ಎಂದಳು ಮುದ್ದವ್ವ. "ಅವನಿಗೆ ಬೆಲ್ಲ ಸ್ವಲ್ಪ ಜಾಸ್ತಿ ಹಾಕು." ಅಷ್ಟು ಹೇಳಿ ಪ್ರಾಣ ಬಿಟ್ಟಳು.

ಅಳಲು ಹೊತ್ತಿರಲಿಲ್ಲ. ಸೈನಿಕರು ಈಟಿ ಎತ್ತಿಕೊಂಡು ಬಾವಿಯ ಕಡೆ ಓಡಿ ಬರುತ್ತಿದ್ದರು. ಕರಿ ಎಮ್ಮೆ ಕೊಂಬು ತಗ್ಗಿಸಿ ಅಡ್ಡ ನಿಂತಿತು. ದೇಚವ್ವ ಪುಡಿ ಸುರಿದಳು, ಬೆಲ್ಲ ಸುರಿದಳು. ಕಾಫಿ ಉಕ್ಕಿ ಬಂತು. ಅದರ ಘಮ ಬೂದಿಯ ಮೇಲೆ ಹಬ್ಬಿತು.

ಓಡಿ ಬರುತ್ತಿದ್ದವರ ಕಾಲು ನಿಧಾನವಾಯಿತು. ಒಬ್ಬ ಈಟಿ ಕೆಳಗಿಟ್ಟ. ಇನ್ನೊಬ್ಬ ಮೂಗರಳಿಸಿ, "ಯಾರ ಮನೇದು ಇದು?" ಎಂದ.

"ಎಲ್ಲರ ಮನೇದೂ ಇದೆ ಅಣ್ಣಾ. ಬೋಗುಣಿ ಹಿಡಿ" ಎಂದಳು ದೇಚವ್ವ.

ಒಬ್ಬೊಬ್ಬರಾಗಿ ಕುಡಿದರು. ಕುಡಿದವರು ಅಮ್ಮಂದಿರ ಹೆಸರು ಹಿಡಿದು ಕೂಗಿದರು. ತಾವು ಕಾವಲು ಕಾಯುತ್ತಿದ್ದ ಗೋಡೆಯಲ್ಲಿ ಕಲ್ಲಾಗಿದ್ದವರು ಯಾರೆಂದು ನೋಡಿದರು. ಆಮೇಲೆ ಕೋಟೆಗೆ ನುಗ್ಗಿ ಕೊಪ್ಪರಿಗೆಗೆ ಭುಜ ಕೊಟ್ಟು ಉರುಳಿಸಿದರು. ಕೊಪ್ಪರಿಗೆಯಷ್ಟೂ ಕರಿ ಕಷಾಯ ಒಂದೇ ಸಲ ಕರ್ಗಾಳನ ಮೇಲೆ ಹರಿದು ಬಾಯಿಗೆ ಹೊಕ್ಕಿತು. ಅವನಿಗೆ ಮಂತ್ರ ಮರೆತುಹೋಯಿತು, ಹೆಸರು ಮರೆತುಹೋಯಿತು, ಉಸಿರಾಡುವುದೂ ಮರೆತುಹೋಯಿತು. ತನ್ನ ಒಲೆಯ ಮುಂದೆಯೇ ಕಲ್ಲಾಗಿ ನಿಂತ.

ಬೆಳ್ಯಪ್ಪ ಕೋಟೆಗೆ ಹೋಗಲಿಲ್ಲ. ಖಾಲಿ ಬೋಗುಣಿ ಹಿಡಿದು ತಾಯಿಯ ಪಕ್ಕ ಕುಳಿತಿದ್ದ. ಅವಳ ಸುಟ್ಟ ಕೈಗಳನ್ನು ನೋಡುತ್ತಿದ್ದ.

ಗೋಡೆಯ ಕಲ್ಲುಗಳ ತುಟಿಗೂ ದೇಚವ್ವ ಕಾಫಿ ಮುಟ್ಟಿಸಿದಳು. ಕೆಲವರು ಕೆಮ್ಮಿ ಕಣ್ಣು ಬಿಟ್ಟರು. ಉಳಿದವರು ಬಿಡಲಿಲ್ಲ. ಕರು ಏಳಲಿಲ್ಲ. ಎಮ್ಮೆ ಅದರ ಪಕ್ಕದಲ್ಲಿ ಮಲಗಿತು. ಎಷ್ಟು ಕರೆದರೂ ಹಡಗಿಗೆ ಬರಲಿಲ್ಲ.

ಹಿಂದಿರುಗುವ ದಾರಿಯಲ್ಲಿ ಬೆಳ್ಯಪ್ಪ ಹಡಗಿನ ತುದಿಯಲ್ಲಿ ಕುಳಿತು ಕೇಳಿದ, "ಅವ್ವನಿಗೆ ಗೊತ್ತಾಯಿತೇ, ಎಸೆದದ್ದು ಯಾರು ಅಂತ?"

"ಗೊತ್ತಾಯಿತು" ಎಂದಳು ದೇಚವ್ವ.

"ಏನಂದಳು?"

ದೇಚವ್ವ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಬೆಳ್ಯಪ್ಪ ಮೊಣಕಾಲಿಗೆ ಹಣೆ ಹಚ್ಚಿ ಕುಳಿತ. ತೋರಮಲೆಯ ದಡ ಕಾಣುವವರೆಗೂ ತಲೆಯೆತ್ತಲಿಲ್ಲ. ಅವಳು ಅವನ ಬೆನ್ನ ಮೇಲಿಟ್ಟ ಕೈ ತೆಗೆಯಲಿಲ್ಲ.

ದಡದಲ್ಲಿ ತಾಯಂದಿರು ನಿಂತಿದ್ದರು. ಇಳಿದ ಮಕ್ಕಳನ್ನು ತಬ್ಬಿದರು. ಕೆಲವರು ಕೊನೆಯವನು ಇಳಿದ ಮೇಲೂ ಹಡಗನ್ನೇ ನೋಡುತ್ತಿದ್ದರು. ಅರಸ ಅವರ ಮುಂದೆ ಕಿರೀಟ ತೆಗೆದು ನಿಂತು, ಇನ್ನೆಂದೂ ಕಡಲಾಚೆಗೆ ದಂಡು ಕಳಿಸುವುದಿಲ್ಲ ಎಂದು ಆಣೆಯಿಟ್ಟ. ಆಣೆ ಉಳಿಸಿಕೊಂಡ. ಬದುಕಿ ಬಂದವರೆಲ್ಲ ಸೇರಿ ಒಂದು ಮಾತು ಮಾಡಿಕೊಂಡರು. ಮಗ ಬಾರದ ಮನೆಗೆ ದಿನಾ ಬೆಳಿಗ್ಗೆ ತಮ್ಮಲ್ಲಿ ಒಬ್ಬ ಮಗನ ಜಾಗದಲ್ಲಿ ಕಾಫಿಗೆ ಹೋಗಬೇಕು.

ಬೆಳ್ಯಪ್ಪನಿಗೆ ಗುಡ್ಡದ ಮೇಲಿನ ಪೂವವ್ವ ಎಂಬ ಮುದುಕಿಯ ಮನೆ ಬಂತು. ಅವಳ ಮಗ ಗೋಡೆಯಲ್ಲಿ ಉಳಿದವನು. ಬೆಳ್ಯಪ್ಪ ಅಂಗಳದವರೆಗೆ ಹೋಗಿ ನಿಂತ. ಮುಂದೆ ಹೆಜ್ಜೆಯಿಡಲು ಆಗಲಿಲ್ಲ. ತನ್ನಂಥವನು ಯಾವ ತಾಯಿಯ ಹೊಸ್ತಿಲು ದಾಟಬಹುದು ಎಂದು ಯೋಚಿಸುತ್ತಾ ನಿಂತೇ ಇದ್ದ.

ಪೂವವ್ವ ಹೊರಗೆ ಬಂದಳು. ಅವನ ಕತೆಯೆಲ್ಲ ಅವಳಿಗೆ ಗೊತ್ತಿತ್ತು.

"ಒಳಗೆ ಬಾ ಮಗಾ" ಎಂದಳು. "ಕಾಫಿ ಆರಿಹೋಗುತ್ತೆ."