ಚೀಲದಲ್ಲಿದ್ದ ಹನ್ನೊಂದು ಫೋನು

ಸಂಜೆ ಐದಕ್ಕೆ ಸ್ನೇಹಳ ಫೋನಿಗೆ ಒಂದು ಫೋಟೊ ಬಂತು. ಕಳಿಸಿದವಳು ಶಂಕರನ ಹೆಂಡತಿ ರಂಜಿತ. ಕೆಳಗೆ ಒಂದೇ ಸಾಲು— "ಇದನ್ನ ಯಾರು ಕೊಟ್ರಿ?"

ಒಂದು ಫೋನಿನ ಪರದೆಯನ್ನು ಇನ್ನೊಂದು ಫೋನಿನಿಂದ ತೆಗೆದ ಫೋಟೊ ಅದು. "ಇವತ್ತು ನಲವತ್ತು ಕುಳಿಗೆ ಮದ್ದು ತುಂಬವ್ರೆ. ಪರ್ಮಿಟ್ ಇರೋದು ಹನ್ನೆರಡಕ್ಕೆ." ಮೆಸೇಜಿನ ಮೇಲೆ ಹೆಸರು, ದಪ್ಪಕ್ಷರದಲ್ಲಿ: ಶಂಕರ.

ಶಂಕರ ಬೆಟ್ಟದ ಹಿಂದಿನ ಜಲ್ಲಿ ಕ್ವಾರಿಯಲ್ಲಿ ಬಂಡೆಗೆ ಕುಳಿ ಕೊರೆಯುವವನು. ಅಲ್ಲಿನ ಸಿಡಿತಕ್ಕೆ ಊರಿನ ಅರವತ್ತು ಮನೆಗಳ ಗೋಡೆ ಬಿರುಕು ಬಿಟ್ಟಿದ್ದವು. ಒಳಗಿನ ಸುದ್ದಿ ಕೊಡುತ್ತಿದ್ದವನು ಅವನೊಬ್ಬನೇ. ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಪಾಂಡವಪುರದ ಎ.ಸಿ. ಕಚೇರಿಯಲ್ಲಿ ಅವನು ಹೇಳಿಕೆ ಕೊಡಬೇಕಿತ್ತು. ಅವನ ಹೇಳಿಕೆಯಿಲ್ಲದೆ ಊರಿನವರ ಮಾತು ಬರೀ ಗೋಳಾಟ.

ಸ್ನೇಹ ರಂಜಿತಳಿಗೆ ಫೋನು ಮಾಡಿದಳು.

"ಕ್ವಾರಿಯವ್ರು ಮನೆಗೇ ಬಂದಿದ್ರು. ಫೋಟೊ ತೋರ್ಸಿ, ನನ್ನ ಫೋನ್ಗೂ ಹಾಕಿ, 'ನಿನ್ನ ಗಂಡನೇ ತಾನೆ?' ಅಂದ್ರು. ಇವ್ರು ಹಿತ್ಲಿಂದ ಓಡಿ ಅಕ್ಕಿಹೆಬ್ಬಾಳಲ್ಲಿ ನಮ್ಮವ್ವನ ಮನೆ ಸೇರವ್ರೆ. ನಾಳೆ ಬರಾಕಿಲ್ಲ."

"ರಂಜಿತಾ, ನಾನು ಯಾರಿಗೂ—"

"ನಿಮ್ಮೊಳಗೆ ಯಾರು ಅಂತ ಗೊತ್ತಾಗೋಗಂಟ ಬರಾಕಿಲ್ಲ. ನನ್ನ ಗಂಡನ್ನ ಜಲ್ಲಿ ಮಾಡಾಕ್ಬುಟ್ರೆ ನೀನು ಬಂದು ಆಯ್ಕೊಡ್ತೀಯಾ?"

ಫೋನು ಕಟ್ಟಾಯಿತು.

ಪಾಪ, ಅವಳೇನೂ ಉಡಾಫೆ ಮಾಡಿದವಳಲ್ಲ. ಕೆ.ಆರ್. ಪೇಟೆಯ ಕಾಲೇಜೊಂದರಲ್ಲಿ ಲೈಬ್ರರಿ ನೋಡಿಕೊಳ್ಳುವ ಹುಡುಗಿ. ಫೋನನ್ನು ಕಾಪಾಡಿಕೊಳ್ಳುವ ಬಗೆ ಎಲ್ಲವನ್ನೂ ಓದಿ, ಪಟ್ಟಿ ಮಾಡಿ, ಊರ ಹೆಂಗಸರ ತಲೆ ತಿಂದಿದ್ದಳು. ಕ್ವಾರಿ ವಿರುದ್ಧದ ಧರಣಿಗೆ ಹೋಗುವ ಮುಂಚೆ, ಯಾರಾದರೂ ಬೆರಳು ಹಿಡಿದು ಒತ್ತಿಸಿಯಾರೆಂದು ಬೆರಳಚ್ಚಿನ ಲಾಕು ತೆಗೆಸಿ ನಾಲ್ಕಂಕಿಯ ಲಾಕು ಹಾಕಿಸಿದ್ದಳು. ಮುಖ ಕಾಣುವ ಫೋಟೊ ಬೇಡ ಎಂದಿದ್ದಳು. ಇವತ್ತು ಅದೇ ಎ.ಸಿ. ಕಚೇರಿಯ ಮುಂದೆ ಹನ್ನೊಂದೂ ಜನರ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಒಂದೇ ವೈರು ಚೀಲದಲ್ಲಿ ತುಂಬಿ, ಹೊಂಗೆಮರದ ಕೆಳಗೆ ಇಡಿಸಿದ್ದಳು. ಇಷ್ಟೆಲ್ಲ ಮಾಡಿದ ಮೇಲೂ?

ಓಡಿದ್ದು ಮಾದಮ್ಮನ ಮನೆಗೆ. ನಾಗಮಂಗಲದಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತರಾದವರು. ಈಗ ಎರಡು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಾರೆ. ಯಾರನ್ನೂ ಗದರುವವರಲ್ಲ. ಆದರೂ ಎದುರಿಗೆ ಕೂತವರು ಸುಳ್ಳು ಹೇಳಲು ಹೆದರುತ್ತಾರೆ.

"ಯಾರ ಫೋನು ಇದು?" ಮಾದಮ್ಮ ಫೋಟೊ ನೋಡಿ ಕೇಳಿದರು.

"ಆ ಗ್ರೂಪಲ್ಲಿ ಇರೋದು ಮೂರೇ ಜನ ಅತ್ತೆ. ಶಂಕರ, ನಾನು, ಸೋಮಮ್ಮ ದೊಡ್ಡವ್ವ. ನನ್ನ ಫೋನಲ್ಲಿ ಅವನ ಹೆಸರೇ ಇಲ್ಲ, 'ಪುಸ್ತಕದಂಗಡಿ' ಅಂತ ಹಾಕ್ಕೊಂಡಿದೀನಿ."

"ಅಂಗಾದ್ರೆ ಸೋಮಿದು. ಅಕ್ಸರಾನೂ ಅವಳ ಕಣ್ಣಿಗೆ ತಕ್ಕಂಗೆ ದಪ್ಪಕ್ಕವೆ. ಮೇಲ್ಗಡೆ ಮೂಲೇಲಿ ಏನದು?"

ಸ್ನೇಹ ಬಗ್ಗಿ ನೋಡಿದಳು. ಪುಟ್ಟ ವಿಮಾನದ ಗುರುತು. ಪಕ್ಕದಲ್ಲಿ ಹೊತ್ತು— ಹನ್ನೊಂದು ಐವತ್ತು.

"ಅತ್ತೆ, ಆಗ ಫೋನು ಚೀಲದಲ್ಲಿತ್ತು! ನಾವೆಲ್ಲ ಮನವಿ ಕೊಡೋಕೆ ಒಳಗೆ ಹೋಗಿದ್ವಿ."

"ಚೀಲದ ತಾವ ಯಾರಿದ್ರು?"

ಇದ್ದವರು ಮೂವರು. ಮೈಕು ತಂದಿದ್ದ ಮೊಬೈಲ್ ಅಂಗಡಿಯ ಕುಮಾರ್. ಸೋಮಮ್ಮನ ಮಗ ಮಂಜುನಾಥ. ಹೆಂಗಸರಿಗೆ ಮಜ್ಜಿಗೆ ತಂದಿದ್ದ ಡೈರಿ ಸೆಕ್ರೆಟರಿ ಹೊನ್ನಪ್ಪ.

ಮಾದಮ್ಮ ಹೇಳಿ ಕಳಿಸಿದ್ದಕ್ಕೆ ಆರೂವರೆಗೆ ಮೂವರೂ ಸೋಮಮ್ಮನ ಜಗಲಿಯಲ್ಲಿದ್ದರು. ಅಂಗಳದ ತುಂಬ ಹೆಂಗಸರು.

"ಕುಮಾರ, ಈ ಲಾಕೆಲ್ಲ ಹಾಕ್ಕೊಟ್ಟೋನು ನೀನೇ ಅಲ್ವೇನಪ್ಪ?"

"ನಾನೇ. ಆದ್ರೆ ನಂಬರು ಒತ್ತುವಾಗ ಮುಖ ಆಕಡೆ ಮಾಡ್ಕೊಂಡಿದ್ದೆ ಮಾದಮ್ಮೋರೆ. ಬೇಕಾದ್ರೆ ಸ್ನೇಹಾನೇ ಕೇಳಿ."

ಅದು ನಿಜ. ಸ್ನೇಹ ಎದುರಿಗೇ ಇದ್ದಳು.

"ಮಂಜ, ನೀನು? ಕ್ವಾರಿಯವ್ರು ನಿಂಗೆ ಕೆಲ್ಸ ಕೊಡ್ತೀನಿ ಅಂದಿದ್ರಂತೆ?"

ಮಂಜುನಾಥನ ಮುಖ ಕೆಂಪಾಯಿತು. "ಅಂದಿದ್ರು. ಬ್ಯಾಡ ಅಂದು ಶ್ರೀರಂಗಪಟ್ಟಣಕ್ಕೆ ದುಡಿಯಾಕೆ ಹೋದೆ. ಈ ಮನೆ ಗೋಡೆ ನಮ್ಮಪ್ಪ ಕಟ್ಟಿದ್ದು ಕಣತ್ತೆ. ಅದು ಸೀಳೋದ ನೋಡ್ಕೊಂಡು ಅವ್ರ ಕೂಳು ತಿನ್ಲಾ?"

ಹೊನ್ನಪ್ಪ ಟವೆಲಿನಿಂದ ಕತ್ತು ಒರೆಸಿಕೊಂಡ. "ನಾನು ಮಜ್ಜಿಗೆ ಹಂಚಿದ್ದು ಬುಟ್ರೆ ಚೀಲ ಮುಟ್ಟಿಲ್ಲ ಕಣಕ್ಕ."

ಮಾದಮ್ಮ ತಲೆಯಾಡಿಸಿ ಸೋಮಮ್ಮನ ಕಡೆ ತಿರುಗಿದರು. "ಸೋಮಿ, ಡೈರಿ ಕ್ಯೂನಲ್ಲಿ ನೀನು ಕಾಣ್ತಾನೇ ಇಲ್ವಲ್ಲ?"

"ಹಸ ಬತ್ತಿ ಎರಡು ತಿಂಗ್ಳಾಯ್ತಕ್ಕ. ಇನ್ನು ಈಯೋದು ದೀಪಾವಳಿ ಹೊತ್ಗೆ."

ಸ್ನೇಹಳಿಗೆ ಮೈಯೆಲ್ಲ ಉರಿಯಿತು. ಒಬ್ಬನ ಪ್ರಾಣ ಅಲ್ಲಿ ತೂಗಾಡುತ್ತಿರುವಾಗ ಇವರಿಗೆ ಹಸುವಿನ ಚಿಂತೆ!

ಮಾದಮ್ಮ ಕೈ ಚಾಚಿದರು. "ಚಲುವಿ, ನಿನ್ನ ಫೋನು ಕೊಡು."

ಚಲುವಮ್ಮ ಕೊಟ್ಟಳು. ಮಾದಮ್ಮ ನಾಲ್ಕು ಸಲ ಒತ್ತಿದರು. ಫೋನು ತೆರೆದುಕೊಂಡಿತು! ಚಲುವಮ್ಮ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಇನ್ನೊಬ್ಬಳದು— ತೆರೆಯಿತು. ಮತ್ತೊಬ್ಬಳದು— ಅದೂ ತೆರೆಯಿತು.

"ಅತ್ತೆ! ಹೆಂಗೆ?"

"ಆಲಿನ ನಂಬರು ಕಣೆ. ಬೆಳಿಗ್ಗೆ ಸಾಯಂಕಾಲ ಡೈರೀಲಿ ಒಬ್ಬೊಬ್ರ ಮೆಂಬರ್ ನಂಬರು ಕೂಗ್ತಾರಲ್ಲ, ಎಂಬತ್ನಾಕು, ನೂರಾ ಒಂಬತ್ತು ಅಂತ? ಮುಂದೆ ಸೊನ್ನೆ ಹಾಕ್ಕೊಂಡವ್ರೆ. ಕ್ಯೂನಲ್ಲೇ ನಗಾಡ್ಕೊಂಡು ಮಾತಾಡ್ತಿದ್ರು. ಇವ್ರಿಗೆ ಮರೀದೆ ಇರೋ ನಂಬರು ಇನ್ಯಾವ್ದಿದ್ದಾತು?"

ಸ್ನೇಹಳಿಗೆ ಭೂಮಿ ಬಾಯಿಬಿಟ್ಟರೆ ಸಾಕೆನಿಸಿತು. ಲಾಕು ಹಾಕಿ ಅಂದಿದ್ದಳೇ ಹೊರತು ಯಾವ ನಂಬರು ಬೇಡ ಅಂತ ಹೇಳಿರಲಿಲ್ಲ.

"ಹಂಗಾದ್ರೆ ಊರಲ್ಲಿ ಯಾರು ಬೇಕಾದ್ರೂ ತೆಗೀಬಹುದಿತ್ತಲ್ಲ?"

"ನೋಡಾನ. ಮಂಜ, ನಿಮ್ಮ ಮನೆ ನಂಬರು ಎಷ್ಟ್ಲಾ?"

"ಮೂವತ್ತಾರು. ಅಪ್ಪನ ಕಾಲ್ದಿಂದ್ಲೂ ಅದೇ."

"ಒತ್ತು ನಿಮ್ಮವ್ವನ ಫೋನ್ಗೆ."

ಮಂಜುನಾಥ ಒತ್ತಿದ. ಫೋನು ಗುರ್ರೆಂದು ನಡುಗಿತು. ತೆರೆಯಲಿಲ್ಲ.

"ಈಗ ನೀನು ಒತ್ತು ಸೋಮಿ."

ಸೋಮಮ್ಮ ಒತ್ತಿದಳು. ತೆರೆಯಿತು.

"ಯಾವ ನಂಬರವ್ವ?"

"ಎರಡುನೂರ ಹನ್ನೆರಡು. ನಮ್ಮೆಜಮಾನ್ರು ತೀರ್ಕೊಂಡ್ಮೇಲೆ ಮೆಂಬರ್‌ಗಿರಿ ನನ್ನೆಸರಿಗೆ ಆಯ್ತಲ್ಲ, ಓದ ತಿಂಗ್ಳು? ಆಗ ಕೊಟ್ಟ ಹೊಸ ನಂಬರು. ಹಸ ಈಯೋಷ್ಟ್ರಲ್ಲಿ ಮರ್ತೋದಾತು ಅಂತ ಇದ್ಕೇ ಹಾಕ್ಕೊಂಡೆ."

"ಕಾರ್ಡು ಎಲ್ಲಿ?"

"ಇನ್ನೂ ಕೊಟ್ಟಿಲ್ಲ. ಬಾಯಲ್ಲೇ ಏಳಿದ್ರು."

"ಯಾರು?"

ಸೋಮಮ್ಮ ಹೊನ್ನಪ್ಪನ ಕಡೆ ತಿರುಗಿದಳು. ಅಂಗಳದ ಕಣ್ಣೆಲ್ಲ ಒಂದೇ ಕಡೆ ಹೊರಳಿತು.

"ಅವಳ ಹಸ ಬತ್ತೈತೆ," ಮಾದಮ್ಮನ ದನಿ ಏರಲಿಲ್ಲ. "ಅವಳು ಕ್ಯೂಗೆ ಬಂದಿಲ್ಲ. ಆ ನಂಬರ ಯಾರೂ ಕೂಗಿಲ್ಲ, ಯಾರೂ ಕೇಳಿಲ್ಲ. ಕಾರ್ಡೂ ಇಲ್ಲ. ಮಗನಿಗೇ ಗೊತ್ತಿಲ್ಲ. ಈ ಊರಲ್ಲಿ ಅದು ಗೊತ್ತಿದ್ದೋರು ಇಬ್ಬರೇ. ಇಟ್ಕೊಂಡೋಳು, ಬರೆದೋನು. ಹನ್ನೊಂದು ಐವತ್ತಕ್ಕೆ ಸೋಮಿ ಒಳಗಿದ್ಳು. ನೀನು ಎಲ್ಲಿದ್ದೆ ಹೊನ್ನಪ್ಪ?"

ಹೊನ್ನಪ್ಪ ತಲೆ ತಗ್ಗಿಸಿದ. "ನನ್ನ ಟಿಪ್ಪರ್ ಅಲ್ಲೇ ಓಡ್ತದೆ ಕಣಕ್ಕ. ಕ್ವಾರಿ ಮುಚ್ಚಿದ್ರೆ ನಾನು ಬೀದಿಗೆ ಬೀಳ್ತೀನಿ. ಮೊದ್ಲು ಹಳೇ ನಂಬರು ಒತ್ತಿದೆ, ಆಗ್ಲಿಲ್ಲ. ಆಮೇಲೆ ಹೊಸದು... ಅವ್ರು ಶಂಕರನ್ನ ಬರೀ ಕೆಲ್ಸದಿಂದ ತೆಗೀತಾರೆ ಅಂದ್ಕೊಂಡಿದ್ದೆ. ಮನೆಗೆ ನುಗ್ತಾರೆ ಅಂತ ಗೊತ್ತಿರ್ಲಿಲ್ಲ."

ಸೋಮಮ್ಮ ಅವನನ್ನು ಬಯ್ಯಲಿಲ್ಲ. "ನಿನ್ನ ಕೈಯಾರೆ ಮಜ್ಜಿಗೆ ಕುಡುದ್ನಲ್ಲೋ ಹೊನ್ನಪ್ಪ," ಅಂದಳು. ಅಷ್ಟೇ.

ಮಾದಮ್ಮ ಅವನ ಮಾತನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿಸಿದರು. ಸ್ನೇಹ ಅಕ್ಕಿಹೆಬ್ಬಾಳಿಗೆ ಫೋನು ಮಾಡಿ ಶಂಕರನಿಗೆ ಎಲ್ಲವನ್ನೂ ಹೇಳಿದಳು. ತನ್ನ ತಪ್ಪನ್ನೂ ಮುಚ್ಚಿಡಲಿಲ್ಲ. ಮಾದಮ್ಮ ಫೋನು ಕಿತ್ತುಕೊಂಡು, "ನಾನೇ ಬಂದು ಕರ್ಕೊಂಡೋಗ್ತೀನಿ ಕಣ್ಲಾ," ಅಂದರು.

ಮರುದಿನ ಬೆಳಿಗ್ಗೆ ಹತ್ತೂಮುಕ್ಕಾಲಾದರೂ ಅವರ ಬಸ್ಸಿಲ್ಲ. ಸ್ನೇಹ ಎ.ಸಿ. ಕಚೇರಿಯ ಗೇಟಿಗೂ ರಸ್ತೆಗೂ ಅಲೆಯುತ್ತಿದ್ದಳು. ಹನ್ನೊಂದಕ್ಕೆ ಐದು ನಿಮಿಷವಿರುವಾಗ ಮಾದಮ್ಮನ ಹಿಂದೆ ಶಂಕರ ಇಳಿದ. ಸ್ನೇಹಳ ಮುಖ ನೋಡದೆ ನೇರ ಒಳಗೆ ಹೋದ. ಮುಕ್ಕಾಲು ಗಂಟೆ ಹೇಳಿಕೆ ಕೊಟ್ಟ. ಹೆಸರು, ತಂದೆ ಹೆಸರು, ಊರು, ನಲವತ್ತು ಕುಳಿ, ಎಲ್ಲ.

ಹೊರಬಂದಾಗ ಸ್ನೇಹ ಎದುರಿಗೆ ಹೋದಳು. "ಶಂಕರಣ್ಣ, ತಪ್ಪಾಯ್ತು. ಇನ್ನು ಮುಂದೆ ಏನಿದ್ರೂ ನನಗೊಬ್ಬಳಿಗೇ ಮೆಸೇಜು ಮಾಡಿ. ಬೇರೆ ಯಾರಿಗೂ—"

"ಬ್ಯಾಡ ಕಣವ್ವ," ಶಂಕರ ಮೆಲ್ಲಗೆ ಅಂದ. "ಏನಾರ ಏಳೋದಿದ್ರೆ ನಡ್ಕೊಂಡೇ ಬಂದು ಏಳ್ತೀನಿ."