ಇಳಿಯುವ ಮುಖಕ್ಕೆ ಬಣ್ಣ

“ಇಳಿಯೋ ಮುಖಕ್ಕೆ ಮಾತ್ರ ಬಣ್ಣ ಹಚ್ಚಬೇಡ” ಎಂದು ಸೆವೆರೀನೊ ಹೇಳಿದಾಗ ಇವಾಲ್ಡೊ ನಕ್ಕುಬಿಟ್ಟ.

ಮುದುಕ ತನ್ನ ನಲವತ್ತು ವರ್ಷದ ಕುಂಚಗಳನ್ನೂ ಬಣ್ಣದ ಡಬ್ಬಿಗಳನ್ನೂ ಅಳಿಯನ ಕೈಗೆ ಒಪ್ಪಿಸುತ್ತಿದ್ದ ಅಕ್ಟೋಬರ್ ತಿಂಗಳ ಬೆಳಗು ಅದು. ರೊಕ್ಕಾಮೂತಾ ಕೋಟೆಯ ಸುತ್ತಲಿನ ಚಾರಣದ ದಾರಿಗಳ ಕಲ್ಲುಗಳಿಗೆ ಕೆಂಪು-ಬಿಳಿ ಪಟ್ಟೆ ಬಳಿಯುವುದು ಆ ಮನೆತನದ ಕೆಲಸ. ಒಂದೊಂದು ಕಲ್ಲಿಗೂ ಎರಡು ಗುರುತು: ಹತ್ತುವವರ ಕಣ್ಣಿಗೆ ಬೀಳುವ ಮುಖಕ್ಕೊಂದು, ಇಳಿಯುವವರ ಕಣ್ಣಿಗೆ ಬೀಳುವ ಮುಖಕ್ಕೊಂದು. ಏಳು ದಾರಿಗಳಿಗೆ ಹಾಗೆಯೇ. ಎಂಟನೆಯದಕ್ಕೆ ಹಾಗಲ್ಲ. ಸೆವೆರೀನೊನ ಹಿತ್ತಲ ಗೋಡೆಯಿಂದ ಹೊರಟು, ಹಳದಿಗೆ ತಿರುಗಿದ ಲಾರ್ಚ್ ಮರಗಳ ನಡುವೆ ನೂಲಿನಂತೆ ಏರಿ, ಕೋಟೆಯ ಮೇಲಣ ಬಾಗಿಲನ್ನು ಮುಟ್ಟುವ ಪೆರೋನಾಳ ದಾರಿಗೆ ಹತ್ತುವ ಮುಖದಲ್ಲಷ್ಟೇ ಗುರುತು. ಇಳಿಯುವವರು ಆಚೆ ಬದಿಯ ಗಾಡಿರಸ್ತೆ ಹಿಡಿಯಬೇಕು. ಕುರಿ ಕಾಯುವವರು ಆ ದಾರಿಯಲ್ಲೇ ಇಳಿದರೂ, ಪ್ರತಿ ಕಲ್ಲಿನ ಬಳಿ ನಿಂತು, ಹಿಂದಕ್ಕೆ ತಿರುಗಿ, ಹತ್ತುವ ಮುಖದ ಪಟ್ಟೆಯನ್ನು ಕಂಡುಕೊಂಡೇ ಮುಂದಿನ ಹೆಜ್ಜೆ ಇಡುತ್ತಿದ್ದರು. ಅದು ಕಣಿವೆಯ ನಡಿಗೆ. ಮದುವೆಯಾಗಿ ತೂರಿನ್ ಪಟ್ಟಣದ ಬಯಲಿನಿಂದ ಬಂದು ಹದಿನಾಲ್ಕು ತಿಂಗಳಾಗಿದ್ದ ಇವಾಲ್ಡೊನಿಗೆ ಅದು ಮರುಳು ಜನರ ಕುಣಿತದಂತೆ ತೋರುತ್ತಿತ್ತು.

ಮುದುಕ ಬೆಂಚಿನ ಮೇಲೆ ಕೂತು, ಮುರಿದು ಕೂಡಿಕೊಂಡ ಸೊಂಟವನ್ನು ಗೋಡೆಗೆ ಆನಿಸಿ, ಕಾರಣವನ್ನೂ ಹೇಳಿದ. ಕೋಟೆ ಕಟ್ಟುವ ಕಾಲದಲ್ಲಿ ಪೆರೋನಾ ಎಂಬ ವಿಧವೆಯ ಮೂವರು ಮಕ್ಕಳನ್ನು ದಂಡನಾಯಕ ಕಲ್ಲು ಹೊರಲು ಎಳೆದೊಯ್ದನಂತೆ. ಮೂವರೂ ಒಂದೇ ಚಳಿಗಾಲದಲ್ಲಿ ಸತ್ತರು. ಆಕೆ ಅಳಲಿಲ್ಲ. ದಂಡನಾಯಕನ ಬೂಟಿನ ಹೆಜ್ಜೆ ಮೂಡಿದ ಕೆಸರನ್ನು ಕತ್ತರಿಸಿ ತಂದು, ಮೇಕೆಯ ಕೊಬ್ಬಿನಲ್ಲಿ ಕಲಸಿ, ಸತ್ತ ಮಕ್ಕಳ ಕೂದಲನ್ನು ಅದರೊಳಗೆ ಹೊಸೆದು, ಹೊಗೆಗೂಡಿನಲ್ಲಿ ನೇತುಹಾಕಿದಳು. ಅದು ಒಣಗಿದ ದಿನ ದಂಡನಾಯಕನಿಗೆ ಇಳಿಯುವ ದಾರಿ ಮರೆತುಹೋಯಿತು. ಸೈನಿಕರ ಕಣ್ಣೆದುರೇ ಬಾಗಿಲು ದಾಟಿ ಹೋದವನು ಅದೇ ಬಾಗಿಲಿಗೆ ಮರಳಿ ಬರುತ್ತಿದ್ದ. ಕಡೆಗೊಂದು ದಿನ ಯಾರ ಕಣ್ಣಿಗೂ ಕಾಣದಾದ. ಹೆಜ್ಜೆಯ ಸದ್ದು ಮಾತ್ರ ಉಳಿಯಿತು.

“ಮೇಲೆ ಒಬ್ಬ ಇರಲೇಬೇಕು ಅಂತ ಅವಳು ಕಟ್ಟು ಹಾಕಿದ್ಲು” ಎಂದ ಸೆವೆರೀನೊ. “ಅವನಿಗೆ ದಾರಿ ತೋರಿಸಿದ್ರೆ, ತೋರಿಸಿದವನು ಅಲ್ಲಿ ನಿಲ್ತಾನೆ.”

“ಇನ್ನೂರು ವರ್ಷದಿಂದ ಒಬ್ಬ ದಂಡನಾಯಕ ಬಾಗಿಲು ಹುಡುಕ್ತಾ ಇದಾನೆ ಅಂದ್ರೆ, ಮಾವ, ಅವನ ಸೈನ್ಯ ಸೋತಿದ್ರಲ್ಲಿ ಆಶ್ಚರ್ಯ ಏನಿದೆ?”

“ನಗು, ನಗು. ಬಯಲಿನವರ ಹಲ್ಲು ಬೆಳ್ಳಗೇ ಇರ್ತವೆ.”

ಇವಾಲ್ಡೊ ಕೆಟ್ಟವನಲ್ಲ. ಹಿಂದಿನ ವರ್ಷ ಮಂಜು ಕವಿದಾಗ ಅದೇ ದಾರಿಯಲ್ಲಿ ಇಳಿಯುತ್ತಿದ್ದ ಶಾಲಾಮಾಸ್ತರೊಬ್ಬ, ಗುರುತು ಕಾಣದೆ ಜಾರಿ, ಎರಡು ದಿನ ಬಂಡೆಯ ಕೆಳಗೆ ಬಿದ್ದಿದ್ದು, ಕಾಲಿನ ಬೆರಳುಗಳನ್ನು ಕಳೆದುಕೊಂಡಿದ್ದ. ಅವನನ್ನು ಹೊತ್ತು ತಂದ ನಾಲ್ವರಲ್ಲಿ ಇವಾಲ್ಡೊನೂ ಒಬ್ಬ. ಆ ಕಪ್ಪುಗಟ್ಟಿದ ಬೆರಳುಗಳನ್ನು ಕಂಡವನಿಗೆ ಮಾಟದ ಕತೆ ಅಪರಾಧದಂತೆ ಕೇಳಿಸಿತು. ಮಾವನೊಡನೆ ವಾದಕ್ಕಿಳಿಯಲಿಲ್ಲ. ತಲೆಯಾಡಿಸಿ ಡಬ್ಬಿ ಎತ್ತಿಕೊಂಡ.

ಒತ್ತಾವಿಯಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ಒಂಬತ್ತು ತಿಂಗಳು ತುಂಬಿತ್ತು. ಒಂದು ಕೈ ಬೆನ್ನಿನ ಮೇಲೆ, ಇನ್ನೊಂದು ಹೊಟ್ಟೆಯ ಮೇಲೆ, ತುಂಬಿದ ಕೊಡವನ್ನು ಚೆಲ್ಲದಂತೆ ಹಿಡಿದವಳ ಹಾಗೆ. ನೋವು ಇವತ್ತೋ ನಾಳೆಯೋ ಎಂದು ಸೂಲಗಿತ್ತಿ ಹೇಳಿಹೋಗಿದ್ದಳು.

“ನಾಲ್ಕು ಗಂಟೆ ಒಳಗೆ ಬಂದ್ಬಿಡು” ಎಂದಳು. “ನೀನಿಲ್ಲದೆ ನಾನು ಹೆರಲ್ಲ, ನೋಡು.”

“ಮೂರಕ್ಕೇ ಬರ್ತೀನಿ. ಪೊಲೆಂತಾ ಮುದ್ದೆ ತಿರುವೋಕೆ ನಾನೇ ಬೇಕಲ್ಲ” ಎಂದು ಅವಳ ಹಣೆಗೆ ಮುತ್ತಿಟ್ಟು ಹೊರಟ.

ಹಿತ್ತಲ ಗೋಡೆಯ ಮೊದಲ ಕಲ್ಲು. ಹತ್ತುವ ಮುಖಕ್ಕೆ ಬಿಳಿ, ಅದರ ಮೇಲೆ ಕೆಂಪು. ಬೆಂಚು ಮನೆಯ ಮುಂದಿದ್ದುದರಿಂದ ಮಾವನಿಗೆ ಇದು ಕಾಣದು ಎಂದು ಖಾತ್ರಿಮಾಡಿಕೊಂಡು, ಕಲ್ಲಿನ ಆಚೆ ಬದಿಗೆ ಹೋಗಿ ಮಂಡಿಯೂರಿದ. ಪಾಚಿಯನ್ನು ಕೆರೆದ. ಇನ್ನೂರು ವರ್ಷ ಬಣ್ಣ ಕಾಣದ ಕಲ್ಲು ಬೆವರಿದಂತೆ ತಣ್ಣಗಿತ್ತು. ಕುಂಚ ಎಳೆದ. ಅಷ್ಟೆ. ಆಕಾಶ ಬೀಳಲಿಲ್ಲ.

ಹಾಗೆ ಅರವತ್ತೊಂದು ಕಲ್ಲುಗಳು. ಟರ್ಪೆಂಟೈನಿನ ಘಾಟು, ಲಾರ್ಚ್ ಅಂಟಿನ ಸಿಹಿ, ತೇವದ ಕಲ್ಲಿನ ಹಳಸು ವಾಸನೆ. ಬೇಸಿಗೆಯ ನೆನಪುಗಳಂತೆ ಎಲೆಸೂಜಿಗಳು ಗಾಳಿಯಿಲ್ಲದೆಯೂ ಉದುರುತ್ತಿದ್ದವು. ಹತ್ತುತ್ತ ಹತ್ತುತ್ತ ಮೈ ಕಾದು, ಕಿತ್ತಳೆ ಬಣ್ಣದ ಜಾಕೆಟ್ಟನ್ನು ಕಳಚಿ ಹೆಗಲಿಗೆ ಹಾಕಿಕೊಂಡ. ತಿರುಗಿ ನೋಡಿದಾಗಲೆಲ್ಲ ಕೆಳಗಿನ ಕಲ್ಲುಗಳು ಒಂದರ ಹಿಂದೊಂದು ಹೊಳೆಯುತ್ತ, ನೇರವಾಗಿ ತನ್ನ ಮನೆಯ ಹೊಗೆಗೂಡಿನ ಕಡೆಗೆ ಇಳಿದುಹೋಗುತ್ತಿದ್ದವು. ಕುರುಡನೂ ಇಳಿಯಬಹುದು ಎಂದುಕೊಂಡು ಹಿಗ್ಗಿದ.

ಕೊನೆಯ ಕಲ್ಲು ಕೋಟೆಯ ಬಾಗಿಲಲ್ಲೇ ಇತ್ತು. ಜಾಕೆಟ್ಟನ್ನು ಮೋಟುಗೋಡೆಯ ಮೇಲಿಟ್ಟು ಕೂತ. ಗಂಟೆ ಎರಡೂ ಕಾಲು. ಕಣಿವೆಯ ತುಂಬ ಬಿಸಿಲಿತ್ತು. ಬಾಗಿಲ ಒಳಗಿನ ಕಮಾನಿನಡಿ ಮಾತ್ರ ಯಾರೋ ಬಚ್ಚಿಟ್ಟ ಕತ್ತಲು. ಬಿಳಿ ಬಳಿದ. ಕೆಂಪು ಬಳಿದ. ಕುಂಚವನ್ನು ಒರೆಸುವಾಗ ಗಮನಿಸಿದ: ಬಂಡೆಸಂದುಗಳ ಮಾರ್ಮೊಟ್ ಅಳಿಲುಗಳು ಶಿಳ್ಳೆ ಹಾಕುವುದನ್ನು ನಿಲ್ಲಿಸಿದ್ದವು.

ಆಮೇಲೆ ವಾಸನೆ ಬಂತು. ನೆನೆದ ಉಣ್ಣೆ. ತುಕ್ಕು. ಕೊಬ್ಬಿನ ದೀಪದ ಕಮಟು. ಕತ್ತಲೊಳಗೆ ಮೊಳೆ ಬಡಿದ ಬೂಟಿನ ಸದ್ದು, ಅವಸರವಿಲ್ಲದೆ, ಕಲ್ಲಿನ ಮೇಲೆ. ಹತ್ತಿರ ಬಂತು. ನಿಂತಿತು. ಅವನ ಬೆನ್ನ ಹಿಂದೆ ಯಾರೋ ದೀರ್ಘವಾಗಿ ಉಸಿರೆಳೆದುಕೊಂಡರು, ಓದಲು ಕಲಿತ ಮುದುಕ ಮೊದಲ ಅಕ್ಷರವನ್ನು ಗುರುತಿಸಿದಂತೆ.

ತಿರುಗಿದ. ಯಾರೂ ಇರಲಿಲ್ಲ. ಮೋಟುಗೋಡೆಯ ಮೇಲೆ ಜಾಕೆಟ್ಟೂ ಇರಲಿಲ್ಲ.

ಮಂಜು ಕೆಳಗಿನಿಂದ ಏರಲಿಲ್ಲ. ಕೋಟೆಯೊಳಗಿಂದ ಹೊರಬಿತ್ತು. ಅವನನ್ನು ಸುತ್ತಿ, ಕಣ್ಣು ಕಟ್ಟಿ, ಒಂದು ಗಳಿಗೆಯಲ್ಲಿ ತೆರವಾಯಿತು. ಆಗ ಕಂಡ. ಮೇಲಿನಿಂದ ಮೂರನೆಯ ಕಲ್ಲಿನ ಬಳಿ ಕಿತ್ತಳೆ ಜಾಕೆಟ್ಟು ತೊಟ್ಟ ಒಬ್ಬ ಇಳಿಯುತ್ತಿದ್ದ. ಪ್ರತಿ ಕಲ್ಲಿಗೂ ನಿಂತು, ಹಸಿ ಬಣ್ಣವನ್ನು ಅಂಗೈಯಿಂದ ಸವರಿ, ಮುಂದಕ್ಕೆ ನಡೆಯುತ್ತಿದ್ದ. ಒಮ್ಮೆ ಹಿಂತಿರುಗಿ ನೋಡಿದ. ಆ ಮುಖ ಇವಾಲ್ಡೊನದೇ ಆಗಿತ್ತು.

ಕೂಗಿದ. ಸದ್ದು ಬಾಯಿಂದ ಹೊರಟು ತುಟಿಯ ಮೇಲೆಯೇ ಆರಿತು.

ಓಡಿದ. ಮೊದಲ ಕಲ್ಲು ದಾಟಿದ. ಎರಡನೆಯದು ಬೋಳಾಗಿತ್ತು. ತಾನೇ ಬಳಿದ ಮುಖ. ಪಾಚಿ ಕೆರೆದ ಗುರುತಿತ್ತು, ಪಟ್ಟೆ ಇರಲಿಲ್ಲ. ಕುರುಬರಂತೆ ಹಿಂದಕ್ಕೆ ತಿರುಗಿದ. ಹತ್ತುವ ಮುಖದಲ್ಲಿ ಕೆಂಪು ಹೊಳೆಯುತ್ತಿತ್ತು. ಅದನ್ನು ಕಣ್ಣಲ್ಲಿ ಹಿಡಿದುಕೊಂಡೇ ಹಿಮ್ಮುಖವಾಗಿ ಕಾಲಿಟ್ಟ. ಹತ್ತು ಹೆಜ್ಜೆ. ಇಪ್ಪತ್ತು. ಬೆನ್ನಿಗೆ ಏನೋ ತಗುಲಿತು. ತಣ್ಣಗಿತ್ತು. ಕೋಟೆಯ ಬಾಗಿಲು.

ಗಾಡಿರಸ್ತೆಗೆ ಓಡಿದ. ಮೊದಲ ತಿರುವು, ಎರಡನೆಯ ತಿರುವು, ಬಾಗಿಲು. ದಾರಿ ಬಿಟ್ಟು ಇಳಿಜಾರಿನಲ್ಲಿ ಉರುಳಿದ. ಹುಲ್ಲು, ಮುಳ್ಳು, ಕಲ್ಲು, ಬಾಗಿಲು. ಎದ್ದು ನಿಂತು ಕಾಲು ನೋಡಿಕೊಂಡ. ಮೊಳೆ ಬಡಿದ ಬೂಟುಗಳು. ತನ್ನವಲ್ಲ.

ಬಿಸಿಲು ಕಣಿವೆಯನ್ನು ತೋರಿಸಿತು. ತೋರಿಸದಿದ್ದರೆ ಎಷ್ಟೋ ವಾಸಿಯಿತ್ತು. ಅಂಗೈಯಗಲದ ಹಿತ್ತಲು, ಅಷ್ಟು ದೂರದಿಂದಲೂ ಎಲ್ಲವೂ ನಿಚ್ಚಳ. ಕಿತ್ತಳೆ ಬಣ್ಣದ ಚುಕ್ಕೆ ಗೋಡೆಯನ್ನು ದಾಟಿತು. ಅಡುಗೆಮನೆಯ ಬಾಗಿಲು ತೆರೆಯಿತು. ಒತ್ತಾವಿಯಾ ಹೊರಗೆ ಬಂದಳು, ಒಂದು ಕೈ ಬೆನ್ನಿನ ಮೇಲಿಟ್ಟುಕೊಂಡೇ. ಬಂದವನ ಕೆನ್ನೆಗೆ ಮೆತ್ತಿದ ಬಣ್ಣವನ್ನು ಏಪ್ರನ್ನಿನ ಅಂಚಿನಿಂದ ಒರೆಸಿದಳು. ಗಂಟೆ ಮೂರು ಹೊಡೆಯಿತು. ಹೇಳಿದ ಹೊತ್ತಿಗೇ ಅವನು ಒಳಗೆ ಹೋದ.

ಎಂಟನೆಯ ದಿನ ಸೆವೆರೀನೊ ಬಂದ. ಹೇಸರಗತ್ತೆಯ ಮೇಲೆ ಕೂತು, ಗಾಡಿರಸ್ತೆಯಲ್ಲಿ, ಸೊಂಟವನ್ನು ಶಪಿಸುತ್ತ. ಅವನ ಕೈಯಲ್ಲಿ ಡಾಂಬರಿನ ಡಬ್ಬಿಯಿತ್ತು. ಇವಾಲ್ಡೊ ಅವನೆದುರು ನಿಂತ. “ಮಾವ” ಎಂದ. ಹೇಸರಗತ್ತೆ ಕಿವಿ ನಿಮಿರಿಸಿ ಹಿಂಜರಿಯಿತು. ಮುದುಕನ ಕಣ್ಣು ಅವನನ್ನು ತೂರಿಕೊಂಡು ಕಮಾನಿನ ಕತ್ತಲನ್ನು ನೋಡುತ್ತಿತ್ತು. ಅವನ ಕೋಲನ್ನು ಹಿಡಿಯಲು ಹೋದ. ಬೆರಳುಗಳ ಮೂಲಕ ಗಾಳಿ ಹೋಯಿತು.

ಸೆವೆರೀನೊ ಟೋಪಿ ತೆಗೆದು, ವರ್ಷಕ್ಕೊಮ್ಮೆ ಮಾಡುತ್ತಿದ್ದಂತೆ, ದಂಡನಾಯಕನಿಗೆ ಕಾಣಿಕೆಯಾಗಿ ಹೊಸ್ತಿಲ ಮೇಲೊಂದು ಚಪ್ಪಟೆ ಕಲ್ಲು ಇಟ್ಟ.

“ನಮ್ಮ ಹುಡುಗ ಮಾತು ಮೀರಿದಾನೆ. ಹಿತ್ತಲ ಗೋಡೆ ಕಲ್ಲು ನೋಡಿ ನನ್ನ ಜೀವ ಬಾಯಿಗೆ ಬಂತು” ಎಂದ ಕತ್ತಲಿಗೆ. “ಪುಣ್ಯಕ್ಕೆ ಹೇಳಿದ ಹೊತ್ತಿಗೆ ಇಳಿದು ಬಂದ. ಕೆಳಗಿನ ಗುರುತಿಗೆಲ್ಲ ಡಾಂಬರು ಬಳಿಸಿ ಆಯ್ತು. ನೀವಿನ್ನೂ ಇಲ್ಲೇ ಇದೀರಿ, ಹೆಜ್ಜೆ ಕೇಳಿಸ್ತಿದೆ. ಇಲ್ಲೇ ಇರಿ, ದಣಿಗಳೇ. ಕ್ಷಮಿಸಿಬಿಡಿ.”

ಡಾಂಬರಿನಲ್ಲಿ ಕುಂಚ ಅದ್ದಿದ. ಅದ್ದಿದವನು, ಯಾರಿಗಾದರೂ ಹೇಳಲೇಬೇಕೆಂಬಂತೆ, ಹೇಳಿದ. ಗಂಡುಮಗುವಂತೆ. ಅಂದು ಸಂಜೆಯೇ ಹುಟ್ಟಿತಂತೆ. ಅಳಿಯ ಈಗ ನಗುವುದನ್ನು ಬಿಟ್ಟಿದ್ದಾನಂತೆ. ಚಳಿ, ಚಳಿ ಎನ್ನುತ್ತ ಒಲೆಯ ಪಕ್ಕ ಕೂರುತ್ತಾನಂತೆ. “ಕೂಸನ್ನ ಕೈಯಿಂದ ಇಳಿಸೋದೇ ಇಲ್ಲ. ತಾಯಿ ಹಾಲು ಕೊಡೋಕೆ ಕೇಳಿದ್ರೂ ಎಷ್ಟೋ ಹೊತ್ತು ಕೊಡಲ್ಲ. ಒಳ್ಳೆ ಅಪ್ಪ ಆಗ್ತಾನೆ ಬಿಡಿ.”

ಇವಾಲ್ಡೊ ಮಂಡಿಯೂರಿ, ತಾನು ಬಣ್ಣ ಬಳಿದ ಕೊನೆಯ ಕಲ್ಲನ್ನು ಅಪ್ಪಿಕೊಂಡ. ಇಳಿಯುವ ಮುಖದ ಪಟ್ಟೆ, ಕಡೆಯ ಪಟ್ಟೆ, ಅವನ ಕಣ್ಣಿಗೂ ಆಗ ಕಾಣಿಸಿತು: ಅಷ್ಟು ಕೆಂಪು, ಅಷ್ಟು ಬಿಳಿ. ಕುಂಚ ಅವನ ಎದೆಯನ್ನು ಹಾದು ಅದರ ಮೇಲೆ ಓಡಾಡಿತು. ಬಿಳಿ ಹೋಯಿತು. ಕೆಂಪು ಹೋಯಿತು.

ಕೆಳಗೆ, ಹಿತ್ತಲಿನಲ್ಲಿ, ಕಿತ್ತಳೆ ಜಾಕೆಟ್ಟಿನವನು ಹೊರಗೆ ಬಂದಿದ್ದ. ಗೋಡೆಯ ಬಳಿ ನಿಂತು, ದೂರದಲ್ಲಿರುವ ಪರಿಚಯದವರಿಗೆ ತೋರಿಸುವಂತೆ, ಮಗುವನ್ನು ಎರಡೂ ಕೈಗಳಲ್ಲಿ ಕೋಟೆಯ ಕಡೆಗೆ ಎತ್ತಿ ಹಿಡಿದ.