ಗುರುಬಸಮ್ಮನ ಮನೆಯ ಅರಗು ಮುದ್ರೆ

2004ರ ಸೆಪ್ಟೆಂಬರ್ 15, ಬುಧವಾರ, ಅಮಾವಾಸ್ಯೆಯ ಮರುದಿನ. ಬೆಳಿಗ್ಗೆ 9.40ಕ್ಕೆ ಉಜ್ಜಿನಿಯ ಪಂಚಾಯಿತಿ ಕಾರ್ಯದರ್ಶಿ ಪ್ರವೀಣಕುಮಾರ್ ಕೊಟ್ಟೂರು ಪೊಲೀಸ್ ಠಾಣೆಗೆ ಬಂದು ಲಿಖಿತ ದೂರು ಕೊಟ್ಟರು. ಒಂಬತ್ತು ದಿನಗಳ ಹಿಂದೆ ತಾವೇ ಅರಗು ಮುದ್ರೆ ಹಾಕಿ ಮುಚ್ಚಿದ್ದ ಮನೆಯ ಬಾಗಿಲನ್ನು ಯಾರೋ ತೆರೆದಿದ್ದಾರೆ. ಒಳಗೆ ಅಡುಗೆ ಮಾಡಿದ್ದಾರೆ, ಮಲಗಿದ್ದಾರೆ, ಎದ್ದು ಹೋಗಿದ್ದಾರೆ. ಕಳುವಾದದ್ದು ಏನೂ ಇಲ್ಲ.

ಸಬ್ ಇನ್ಸ್‌ಪೆಕ್ಟರ್ ಶಿವಯೋಗಪ್ಪ ದೂರನ್ನು ಎರಡು ಸಲ ಓದಿದರು.

"ಅನುಮಾನ ಯಾರ ಮ್ಯಾಲೆ?"

"ಮನಿ ಯಜಮಾನತಿ ಗುರುಬಸಮ್ಮನ ಮ್ಯಾಲೇ ರೀ. ಮತ್ಯಾರಿಗೆ ಬೇಕಾಗಿತ್ತು?"

ಆ ವರ್ಷ ಹೊಸದೊಂದು ಆದೇಶ ಬಂದಿತ್ತು. ಪರಸ್ಥಳದವರನ್ನು ದಿನಗಳ ಲೆಕ್ಕದಲ್ಲಿ ಮನೆಯಲ್ಲಿ ಇಳಿಸಿಕೊಳ್ಳುವವರು ಅನುಮತಿ ಪಡೆಯಬೇಕು, ಬಂದವರ ಹೆಸರು, ಊರು, ಸಹಿ ಇರುವ ಪುಸ್ತಕ ಇಡಬೇಕು, ಅದರ ನಕಲನ್ನು ಠಾಣೆಗೆ ಕೊಡಬೇಕು. ಉಜ್ಜಿನಿಯಲ್ಲಿ ಅಮಾವಾಸ್ಯೆಗೆ ಮರುಳಸಿದ್ಧೇಶ್ವರನ ದರ್ಶನಕ್ಕೆ ಬರುವವರು ತಲೆಮಾರುಗಳಿಂದ ಇಂಥ ಮನೆಗಳಲ್ಲೇ ಇಳಿಯುತ್ತಿದ್ದರು. ಹೋಗುವಾಗ ಒಂದಿಷ್ಟು ಜೋಳವನ್ನೋ ಹತ್ತಿಪ್ಪತ್ತು ರೂಪಾಯಿಯನ್ನೋ ಇಟ್ಟು ಹೋಗುತ್ತಿದ್ದರು. ಓದು ಬರಹ ಬಾರದ ಗುರುಬಸಮ್ಮನ ಬಳಿ ಪುಸ್ತಕವಿರಲಿಲ್ಲ. ಆಕೆಯ ಹಿತ್ತಲಿನ ಎರಡಂಕಣದ ಮನೆಗೆ ಮುದ್ರೆ ಬಿತ್ತು. ಅನುಮತಿಗೆ ಆಕೆ ಹಾಕಿದ ಅರ್ಜಿ 20ನೇ ತಾರೀಕು ಕೂಡ್ಲಿಗಿ ತಹಸೀಲ್ದಾರರ ಮುಂದೆ ಬರುವುದಿತ್ತು. ಮುದ್ರೆ ಒಡೆದದ್ದು ಆಕೆಯೇ ಎಂದಾದರೆ ಅರ್ಜಿ ವಜಾ ಆಗುತ್ತದೆ, ಆ ಬಾಗಿಲು ಮತ್ತೆ ಯಾರಿಗೂ ತೆರೆಯುವುದಿಲ್ಲ.

ಅಪರಾಧ ಸಂಖ್ಯೆ 87/2004ರಂತೆ ಎಫ್‌ಐಆರ್ ದಾಖಲಾಯಿತು. ದಫೇದಾರ ಗಾದಿಲಿಂಗ ಮತ್ತು ಮಹಿಳಾ ಕಾನ್‌ಸ್ಟೇಬಲ್ ಯಶೋಧಾ ಜೊತೆ ಶಿವಯೋಗಪ್ಪ 11.15ಕ್ಕೆ ಉಜ್ಜಿನಿ ತಲುಪಿ ಪಂಚನಾಮೆ ಆರಂಭಿಸಿದರು.

ಚಿಲಕಕ್ಕೆ ಸುತ್ತಿದ್ದ ದಾರವನ್ನು ಕತ್ತರಿಸಿರಲಿಲ್ಲ, ಗಂಟು ಬಿಚ್ಚಿದ್ದರು. ಒಡೆದ ಅರಗಿನ ಚೂರುಗಳನ್ನು ದಾರದೊಂದಿಗೆ ಕಾಗದದಲ್ಲಿ ಕಟ್ಟಿ ಬಾಗಿಲ ಪಕ್ಕದ ಗೂಡಿನಲ್ಲಿ ಇಟ್ಟಿದ್ದರು. ಒಳಗೆ ಒಲೆಯ ಬೂದಿ ತೆಗೆದು ಸಗಣಿಯಿಂದ ಸಾರಿಸಿ, ಅಂಚಿಗೆ ಕೆಮ್ಮಣ್ಣಿನ ಕಾರಣೆ ಗೆರೆ ಎಳೆದಿದ್ದರು.

"ಇಷ್ಟು ಮರ್ಯಾದಸ್ಥ ಕಳ್ಳನ್ನ ನನ್ನ ಸರ್ವೀಸ್‌ನ್ಯಾಗ ನೋಡಿಲ್ರಿ ಸರ್," ಎಂದ ಗಾದಿಲಿಂಗ. "ನಮ್ಮನಿಗೆ ಬಂದ್ರ ಬಾಗ್ಲಾ ನಾನೇ ತಗೀತೀನಿ."

ಗುರುಬಸಮ್ಮ ಅಂಗಳದಲ್ಲಿ ನಿಂತಿದ್ದರು. ಅರವತ್ತರ ಹತ್ತಿರದ ವಿಧವೆ. ಸೋಮವಾರವೇ ಬಾಗಳಿಯ ಮಗಳ ಮನೆಗೆ ಹೋಗಿ ಈ ದಿನ ಬೆಳಿಗ್ಗೆಯ ಬಸ್ಸಿಗೆ ಬಂದದ್ದಾಗಿ ಹೇಳಿಕೆ ಕೊಟ್ಟರು. ಸಾಕ್ಷಿ ಮಗಳು ಮತ್ತು ಅಳಿಯ. ಸಂಬಂಧಿಕರ ಸಾಕ್ಷಿಗೆ ತೂಕ ಕಡಿಮೆ ಎಂದು ಪ್ರವೀಣಕುಮಾರ್ ನೆನಪಿಸಿದರು. ತಾನಿಲ್ಲದಾಗ ಬಾಗಿಲು ತೆಗೆದುಕೊಳ್ಳಿ ಎಂದು ಈಕೆಯೇ ಯಾರಿಗೋ ಹೇಳಿ ಹೋಗಿರಬಹುದಲ್ಲ ಎಂದೂ ಸೇರಿಸಿದರು. ಶಿವಯೋಗಪ್ಪನವರಿಗೆ ಆ ಮಾತು ತಪ್ಪೆನಿಸಲಿಲ್ಲ. ಈಕೆ ನಿರಪರಾಧಿ ಎಂದು ತಮ್ಮ ಮನಸ್ಸು ಹೇಳುತ್ತಿರುವುದಕ್ಕೆ ಆಕೆಯ ವಯಸ್ಸೇ ಕಾರಣವೋ ಏನೋ ಎಂಬ ಅಳುಕೂ ಇತ್ತು.

ಅಡುಗೆಮನೆಯ ಗೋಡೆಯ ಮೇಲೆ ಕೆಮ್ಮಣ್ಣಿನ ಚಿತ್ರಗಳಿದ್ದವು. ಕುಂಟೆ, ನವಿಲು, ಮೀನು, ತಕ್ಕಡಿ, ಹೀಗೆ ಹದಿನೇಳು. ಪ್ರತಿಯೊಂದರ ಕೆಳಗೆ ಚುಕ್ಕೆಗಳ ಸಾಲು. ಅದೇನೆಂದು ಶಿವಯೋಗಪ್ಪ ಬಾಗಿಲಲ್ಲೇ ನಿಂತು ಕೇಳಿದರು.

ಗುರುಬಸಮ್ಮನ ಮುಖ ಅರಳಿತು. ಬಂದ ಮನೆತನಕ್ಕೆ ಒಂದೊಂದು ಗುರುತು, ಬಂದ ಸಲಕ್ಕೆ ಒಂದೊಂದು ಚುಕ್ಕೆ. ಉಂಡ ಒಲೆ ಸಾರಿಸದೆ, ಚುಕ್ಕೆ ಇಡದೆ ಯಾರೂ ಹೊಸಿಲು ದಾಟುವಂತಿಲ್ಲ. ಇದು ಅತ್ತೆಯ ಕಾಲದಿಂದ ಬಂದ ಪದ್ಧತಿ.

"ಕುಂಟಿ ಇರೋದು ಹಡಗಲಿ ಕಡೇರದು. ತಕ್ಕಡಿ ಹರಪನಹಳ್ಳಿ ಶೆಟ್ರದು. ಮೀನು ಹಂಪಸಾಗರದ ನಾಗಲಿಂಗಮ್ಮಂದು. ಹರಿಗೋಲು ಹಾಕೋ ಮಂದಿ ನೋಡ್ರಿ, ಅದಕ್ಕ ಮೀನು."

ಯಶೋಧಾ ಪ್ರತಿ ಚಿತ್ರವನ್ನೂ ಹಾಳೆಯಲ್ಲಿ ಬರೆದು ಪಕ್ಕದಲ್ಲಿ ಹೆಸರು, ಊರು ನಮೂದಿಸುತ್ತ ಬಂದಳು. ಮೀನಿನ ಮುಂದೆ ಆಕೆಯ ಪೆನ್ನು ನಿಂತಿತು. ಎಲ್ಲ ಚುಕ್ಕೆಗಳೂ ಹೊಗೆ ಹಿಡಿದು ಮಸುಕಾಗಿದ್ದವು. ಮೀನಿನ ಕೆಳಗಿನ ಕೊನೆಯದೊಂದು ಮಾತ್ರ ಮಸಿಯ ಮೇಲೆ ಕೆಂಪಗೆ ಹೊಳೆಯುತ್ತಿತ್ತು.

ಗುರುಬಸಮ್ಮ ಅದನ್ನು ಆಗಷ್ಟೇ ಕಂಡದ್ದು. ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಈ ಚುಕ್ಕಿ ಯಾವಾಗಿಂದು?"

"ನನಗ ಕಣ್ಣು ಸರಿ ಕಾಣಂಗಿಲ್ರಿ."

"ಈಗ ಶೆಟ್ರ ತಕ್ಕಡಿ ಕಾಣ್ತಿತ್ತಲ್ಲ."

ಆಕೆ ಮೀನಿನ ಚಿತ್ರಕ್ಕೆ ಅಡ್ಡ ನಿಂತರು. "ಬೇಕಾರ ನಾನೇ ಒಡದೆ ಅಂತ ಬರ್ಕೊಳ್ರಿ ಸಾಹೇಬ್ರ. ಅವರ ಮನಿಗೆ ಹೋಗಬ್ಯಾಡ್ರಿ," ಎಂದರು.

"ಬೇಕಾರ ಅಂತ ಬರಕೊಳ್ಳಾಕ ಬರಂಗಿಲ್ಲಮ್ಮ."

16ನೇ ತಾರೀಕು ಬೆಳಿಗ್ಗೆ 7.30ಕ್ಕೆ ಜೀಪು ಹೊರಟಿತು. ಹಗರಿಬೊಮ್ಮನಹಳ್ಳಿ ದಾಟಿ ಹಂಪಸಾಗರ ತಲುಪಿದಾಗ 9.10. ನಾಗಲಿಂಗಮ್ಮನ ಗಂಡ ಎರ್ರೆಪ್ಪ ಮನೆಯ ಮುಂದೆ ಹರಿಗೋಲು ಬೋರಲು ಹಾಕಿ ಡಾಂಬರು ಬಳಿಯುತ್ತಿದ್ದರು. ಜೀಪು ಕಂಡು ಕೈ ಒರೆಸಿಕೊಂಡು ಎದ್ದು ನಿಂತರು.

"ಅಮಾಸಿ ದಿನ ಎಲ್ಲಿದ್ರಿ?"

"ಉಜ್ಜಿನ್ಯಾಗ್ರಿ."

"ಯಾರ ಮನ್ಯಾಗ?"

"ಗುರುಬಸವ್ವಕ್ಕನ ಮನ್ಯಾಗ."

"ಆಕಿಗೆ ಗೊತ್ತಿತ್ತಾ?"

"ಊರಾಗ ಇರಲಿಲ್ರಿ ಆಕಿ. ಬಂದು ನೋಡಿದ್ರ ಬಾಗ್ಲಕ್ಕ ಅರಗು. ಪಾಪ, ಆಕಿಗೇನೂ ಗೊತ್ತಿಲ್ಲ."

"ಸರ್ಕಾರದ ಸೀಲು ಅಂತ ತಿಳೀಲಿಲ್ಲೇನು?"

"ತಿಳೀತ್ರಿ. ಕೈ ಮುಗುದು ಬಿಚ್ಚಿದೆ."

ಗಾದಿಲಿಂಗ ಮುಖವನ್ನು ಆಚೆ ತಿರುಗಿಸಿಕೊಂಡ. ಶಿವಯೋಗಪ್ಪ ಮಾತ್ರ ನಗಲಿಲ್ಲ. ಗುಡಿಯ ಪೌಳಿಯಲ್ಲಿ ಎಷ್ಟೋ ಜನ ಮಲಗುತ್ತಾರಲ್ಲ, ಅಲ್ಲಿ ಯಾಕೆ ಮಲಗಲಿಲ್ಲ ಎಂದು ಕೇಳಿದರು.

"ಪೌಳ್ಯಾಗ ಒಲಿ ಇಲ್ಲಲ್ರಿ."

ಅಷ್ಟರಲ್ಲಿ ಒಳಗಿಂದ ನಾಗಲಿಂಗಮ್ಮ ಬಂದರು. ಹಣೆತುಂಬ ಕುಂಕುಮ, ಅಚ್ಚುಕಟ್ಟಾದ ಸೀರೆ. ಯಶೋಧಾಳ ಕೈ ಹಿಡಿದು ನೀನು ಯಾರ ಮಗಳು ಎಂದು ಕೇಳಿದರು. ಯಶೋಧಾ ಹೇಳಿದಳು. ಮತ್ತೆ ಅದನ್ನೇ ಕೇಳಿದರು, ಯಶೋಧಾ ಮತ್ತೆ ಹೇಳಿದಳು. ಮೂರನೆಯ ಸಲ ಕೇಳಿದಾಗ ಸೊಸೆ ಬಂದು ಮೆಲ್ಲಗೆ ಒಳಗೆ ಕರೆದುಕೊಂಡು ಹೋದಳು.

ಸೊಸೆಯ ಹೇಳಿಕೆಯನ್ನು ಯಶೋಧಾ ಬರೆದುಕೊಂಡಳು. ಎರಡು ವರ್ಷದಿಂದ ಅತ್ತೆಗೆ ಮರೆವು. ಒಮ್ಮೆ ಉರಿಯುವ ಒಲೆ ಬಿಟ್ಟು ಹೊಳೆಯ ಕಡೆ ಹೋಗಿಬಿಟ್ಟಿದ್ದರು. ಅಂದಿನಿಂದ ಒಲೆಯ ಹತ್ತಿರ ಬಿಡುವುದಿಲ್ಲ. ಬಿಟ್ಟರೂ ಆಕೆ ಅದರ ಮುಂದೆ ಏನು ಮಾಡಬೇಕೆಂದು ತಿಳಿಯದೆ ಕೂತಿರುತ್ತಾರೆ.

ಎರ್ರೆಪ್ಪ ಡಾಂಬರಿನ ಡಬ್ಬಿಗೆ ಮುಚ್ಚಳ ಹಾಕಿದರು.

"ಈ ಮನ್ಯಾಗ ನನ್ನ ನೋಡಿ, ನೀವು ಯಾರು, ಯಾವೂರು ಅಂತ ಕೇಳ್ತಾಳ್ರಿ. ಬಹುವಚನದಾಗ. ಗುರುಬಸವ್ವಕ್ಕನ ಒಲಿ ಮುಂದ ಕುಂದ್ರಿಸಿದ್ರ ಕೈ ತಾನಾ ಹಿಟ್ಟಿಗೆ ಹೋಗ್ತೈತಿ. ಮದುವ್ಯಾದ ವರ್ಷದಿಂದ ಅಲ್ಲಿ ರೊಟ್ಟಿ ಬಡದಾಳ. ಮೊದಲನೇ ರೊಟ್ಟಿ ಉಬ್ಬಿದ ಕೂಡಲೇ, 'ಏನ್ ನೋಡ್ತೀಯೋ ಮಾರಾಯ, ಬಿಸಿ ಇರಾಗ ಉಣ್ಣು' ಅಂತಾಳ. ತಿಂಗಳಿಗೊಂದು ಸಲ ಅದೊಂದು ಮಾತು ಕೇಳಾಕ ಹೋಗ್ತೀನ್ರಿ."

"ಮತ್ತ ಒಲಿ ಸಾರಿಸಿದ್ದು, ಚುಕ್ಕಿ ಇಟ್ಟಿದ್ದು?"

"ಆಕೀನ. ಚುಕ್ಕಿ ಇಟ್ರ ಸಿಗಬೀಳ್ತೀವಿ ಅಂತ ನನಗ ಹೊಳೀತು. ಬ್ಯಾಡ ಅನ್ನಾಕ ಬಾಯಿ ಬರಲಿಲ್ಲ. ಆಕಿಗೆ ನೆನಪಿರೋದಾ ಅಷ್ಟು." ಡಬ್ಬಿಯನ್ನು ಪಕ್ಕಕ್ಕೆ ಸರಿಸಿ, "ಸೀಲು ಒಡದಾಂವ ನಾನು. ಆಕಿ ಹೆಸರು ಬರೀಬ್ಯಾಡ್ರಿ," ಎಂದರು.

10.05ಕ್ಕೆ ಎರ್ರೆಪ್ಪನ ದಸ್ತಗಿರಿಯಾಯಿತು. ಆತ ಕಾಣದಿದ್ದರೆ ನಾಗಲಿಂಗಮ್ಮ ಗಾಬರಿಯಾಗುತ್ತಾರೆಂದು ಸೊಸೆ ಹೇಳಿದ್ದರಿಂದ ಆಕೆಯೂ ಜೀಪಿನಲ್ಲಿ ಬಂದರು. ದಾರಿಯುದ್ದಕ್ಕೂ ಗಾದಿಲಿಂಗನನ್ನು ತಮ್ಮ ಮೈದುನನೆಂದು ತಿಳಿದು ಇನ್ನೂ ಯಾಕೆ ಮದುವೆಯಾಗಿಲ್ಲವೆಂದು ಬೈದರು. ಮೂರು ಮಕ್ಕಳ ತಂದೆಯಾದ ಗಾದಿಲಿಂಗ, "ಮುಂದಿನ ವರ್ಷ ಆಗ್ತೀನಿ ಬಿಡ್ರಿ ಅತ್ತಿಗಿ," ಎಂದು ಒಪ್ಪಿಕೊಂಡ.

ಜಾಮೀನು ಸಿಗುವ ಅಪರಾಧ. ಆದರೆ ಕೊಟ್ಟೂರಿನಲ್ಲಿ ಎರ್ರೆಪ್ಪನಿಗೆ ಪರಿಚಯದವರಿರಲಿಲ್ಲ. ಸಂಜೆ 4 ಗಂಟೆಗೆ ಹೇಳಿಕೆಗಾಗಿ ಠಾಣೆಗೆ ಬಂದ ಗುರುಬಸಮ್ಮ ಮೊದಲು ಆತನ ಮುಂದೆ ನಿಂತರು.

"ನಿನ್ನೆ ನಾ ಒಡದೆ ಅಂತ ಹೇಳಿದ್ನಲ್ಲೋ ಅಣ್ಣಾ. ನಿನಗ ಸುಮ್ಮನಿರಾಕ ಏನಾಗಿತ್ತು?"

"ನೀ ಹೇಳಿದ್ದು ನನಗೇನು ಗೊತ್ತವ್ವಾ?"

"ಗೊತ್ತಿರಬೇಕಿತ್ತು."

ಹಾಗೆಂದವರೇ ಜಾಮೀನಿನ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರು. ಮುದ್ರೆ ಒಡೆಸಿಕೊಂಡ ಮನೆಯವರೇ ಒಡೆದವನಿಗೆ ಜಾಮೀನು ನಿಲ್ಲಬಹುದೇ ಎಂದು ಶಿವಯೋಗಪ್ಪ ಪುಸ್ತಕ ತೆಗೆದು ನೋಡಿದರು. ಬೇಡವೆಂದು ಎಲ್ಲೂ ಬರೆದಿರಲಿಲ್ಲ.

20ರಂದು ತಹಸೀಲ್ದಾರರ ಮುಂದೆ ಪ್ರವೀಣಕುಮಾರ್ ಅವರೇ ಎದ್ದು, ಒಡೆದದ್ದು ಅರ್ಜಿದಾರಳಲ್ಲ, ಆಕೆಗೆ ತಿಳಿದೂ ಇರಲಿಲ್ಲ ಎಂದು ಹೇಳಿದರು. ಎರಡು ಕೋಣೆಗೆ, ಒಮ್ಮೆಗೆ ಆರು ಜನಕ್ಕೆ ಮೀರದಂತೆ ಅನುಮತಿ ಸಿಕ್ಕಿತು. ಪುಸ್ತಕ ಬರೆದುಕೊಡುವ ಹೊಣೆ ಪ್ರವೀಣಕುಮಾರರ ಕೊರಳಿಗೆ ಬಿತ್ತು. ಅವರು ಗೊಣಗಿಕೊಂಡೇ ಒಪ್ಪಿದರು.

27ನೇ ತಾರೀಕು ಆರೋಪಪಟ್ಟಿ ಸಿದ್ಧವಾಯಿತು. ಎಲ್ಲ ಕಲಮುಗಳೂ ತುಂಬಿದ್ದವು, ಕೃತ್ಯದ ಉದ್ದೇಶ ಎಂಬುದೊಂದನ್ನು ಬಿಟ್ಟು. ಶಿವಯೋಗಪ್ಪ ಅದರ ಮುಂದೆ ಬಹಳ ಹೊತ್ತು ಕೂತರು. ಅಕ್ರಮ ವಾಸ್ತವ್ಯ ಎಂದು ಬರೆದು ಹೊಡೆದುಹಾಕಿದರು. ಹೊಸ ಹಾಳೆ ತೆಗೆದುಕೊಂಡು ಮತ್ತೆ ಬರೆದರು. ಗಾದಿಲಿಂಗ ಬಗ್ಗಿ ಓದಿ, ಕೋರ್ಟಿನವರು ನಗುತ್ತಾರೆ ಎಂದ.

"ಸುಳ್ಳೈತೇನು?"

"ಸುಳ್ಳೇನಿಲ್ರಿ ಸರ್."

ಶಿವಯೋಗಪ್ಪ ಸಹಿ ಹಾಕಿ ಮೊಹರು ಒತ್ತಿದರು. ಆ ಕಲಮಿನಲ್ಲಿ ಇಷ್ಟಿತ್ತು: "ಆರೋಪಿಯು ತನ್ನ ಹೆಂಡತಿಯ ಕೈಯ ಬಿಸಿ ರೊಟ್ಟಿ ಉಣ್ಣುವ ಉದ್ದೇಶದಿಂದ ಸದರಿ ಮನೆಯ ಬಾಗಿಲು ತೆರೆದಿರುತ್ತಾನೆ. ಬೇರೆ ಉದ್ದೇಶ ತನಿಖೆಯಿಂದ ಕಂಡುಬಂದಿರುವುದಿಲ್ಲ."